ಬಳೆ ತೊಟ್ಟ ಕಲ್ಲು

ವಕ್ಕಲೇರಿ ಕಡೆಯಿಂದ ಮಾಲೂರಿಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಎಡಕ್ಕೆ ಗಾಡಿದಾರಿ ಒಡೆಯುತ್ತದೆ. ಆ ಕವಲಿನಲ್ಲಿ ಆಳೆತ್ತರದ ಒಂದು ಕಲ್ಲು ನಿಂತಿದೆ. ಅದರ ನೆತ್ತಿಯಲ್ಲಿ ನಮ್ಮೂರಿನ ಹೆಸರು ಕೊರೆದಿದೆ. ಹೆಸರಿನ ಕೆಳಗೆ ಒಂದು ಮನೆ, ಅದರ ಹೆಂಚಿನ ಸಂದಿಯಿಂದ ಏಳುತ್ತಿರುವ ಹೊಗೆ, ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿರುವ ಒಬ್ಬ ಹೆಂಗಸು. ಇನ್ನೂ ಕೆಳಗೆ, ಸಾಮಾನು ಹೇರಿಕೊಂಡು ಊರು ಬಿಡುತ್ತಿರುವ ಗಾಡಿಗಳು, ಹಿಂದೆ ದನ, ದನದ ಹಿಂದೆ ಜನ. ಬಾಗಿಲಲ್ಲಿರುವ ಹೆಂಗಸಿನ ಎರಡು ಕೈಯಲ್ಲೂ ತುಂಬ ಬಳೆಗಳಿವೆ.

ದಾರಿಹೋಕರು ಅವಳನ್ನು ಯಾವುದೋ ದೇವರು ಅಂದುಕೊಂಡು ಕೈ ಮುಗಿಯುತ್ತಾರೆ. ನಮ್ಮೂರಿನ ಈಗಿನ ಹುಡುಗರಿಗೂ ಅವಳು ದೇವರೇ. ಅವಳು ನನ್ನ ಸೋದರತ್ತೆ, ಅಪ್ಪನ ಒಡಹುಟ್ಟಿದ ಅಕ್ಕ. ಅವಳ ಕೈಯಲ್ಲಿ ಬಳೆ ಇದ್ದದ್ದನ್ನು ನಾನು ಒಂದು ದಿನವೂ ನೋಡಿದವಳಲ್ಲ.

ಅತ್ತೆಯನ್ನು ಶ್ರೀನಿವಾಸಪುರದ ಆಚೆ, ಗೌನಿಪಲ್ಲಿ ಕಡೆಗೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಕರೆದುಕೊಂಡು ಬಂದನಂತೆ. ಅಪ್ಪನಿಗೆ ಆಗ ಇನ್ನೂ ಮೀಸೆ ಚಿಗುರುವ ವಯಸ್ಸು. ಅಲ್ಲಿಂದ ಅವಳು ತಂದದ್ದು ಒಂದು ತಗಡಿನ ಪೆಟ್ಟಿಗೆ, ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಹದ, ಮಾತಿನ ತುಂಬ ತೆಲುಗು. ನನ್ನನ್ನು 'ಬಂಗಾರು' ಎಂದೇ ಕರೆಯುತ್ತಿದ್ದಳು. ಸಿಟ್ಟು ಬಂದರೆ ಪೂರ್ತಿ ತೆಲುಗಿಗೆ ಇಳಿಯುತ್ತಿದ್ದಳು, ಹಾಗಾಗಿ ನನಗೆ ಬೈಗುಳದ ತೆಲುಗು ಮೊದಲು ಬಂತು, ಉಳಿದದ್ದು ಆಮೇಲೆ.

ನಾನು ಮಲಗುತ್ತಿದ್ದದ್ದು ಅವಳ ಪಕ್ಕದಲ್ಲಿ. ಅಮ್ಮನ ತೋಳಿನ ಮೇಲೆ ತಲೆಯಿಟ್ಟರೆ ಬಳೆ ಕೆನ್ನೆಗೆ ಒತ್ತಿ ಗುರುತು ಬೀಳುತ್ತಿತ್ತು. ಅತ್ತೆಯ ತೋಳು ನುಣುಪಾಗಿತ್ತು. ಬಳೆ ಇಲ್ಲದಿರುವುದು ನನ್ನ ಅನುಕೂಲಕ್ಕೇ ಇರಬೇಕು ಎಂದು ಬಹಳ ದಿನ ನಂಬಿದ್ದೆ. ಮದುವೆ ಮನೆಗಳಿಗೆ ಅವಳು ಮುಂಚಿನ ದಿನವೇ ಹೋಗಿ ಒಲೆ ಮುಂದೆ ಕೂತು ರಾಶಿ ರಾಶಿ ಅಡುಗೆ ಮಾಡುತ್ತಿದ್ದಳು. ಧಾರೆಯ ಹೊತ್ತಿಗೆ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುತ್ತಾ ಇರುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಪಾತ್ರೆ ಯಾರ್ ತೊಳೀತಾರೆ ಬಂಗಾರು, ನಿಮ್ಮಪ್ಪನಾ?" ಎಂದು ನಗುತ್ತಿದ್ದಳು. ಅವಳ ನಗು ದೊಡ್ಡದು. ಅರ್ಧಕ್ಕೆ ಬಂದಾಗ ನೆನಪಾದವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಮೂವತ್ತರ ದಶಕದ ನಡುವೆ ಎಲ್ಲೋ ಇರಬೇಕು. ನನಗೆ ಏಳೋ ಎಂಟೋ ವರ್ಷ. ರಾಗಿ ಕುಯ್ದು ಮೆದೆ ಹಾಕಿದ್ದರು. ಒಂದು ಬೆಳಿಗ್ಗೆ ಅಜ್ಜಿ ಹುಣಸೆಹಣ್ಣಿನ ಮಡಕೆ ಇಳಿಸಲೆಂದು ಅಟ್ಟಕ್ಕೆ ಹತ್ತಿದವಳು ಮಡಕೆ ಇಲ್ಲದೆ ಇಳಿದು ಬಂದಳು. "ಇಲಿ ಬಿದ್ದೈತೆ" ಎಂದಳು, ಅಷ್ಟೇ. ಅಮ್ಮ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಹಾಗೇ ಎದ್ದು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ನಿಂತಳು. ನನಗೆ ಆಶ್ಚರ್ಯ. ಇಲಿ ಸತ್ತರೆ ಒಳ್ಳೆಯದಲ್ಲವೇ?

ಮಧ್ಯಾಹ್ನದ ಹೊತ್ತಿಗೆ ಇನ್ನೂ ಎಷ್ಟೋ ಮನೆಗಳಿಂದ ಅದೇ ಸುದ್ದಿ ಬಂತು. ಪಟೇಲರು ತಮಟೆ ಹೊಡೆಸಿದರು: ಪ್ಲೇಗು ಬಂದಿದೆ, ಹೊತ್ತು ಮುಳುಗುವುದರೊಳಗೆ ಎಲ್ಲರೂ ಊರು ಬಿಡಬೇಕು, ಕೆರೆಯಾಚೆ ದಿಣ್ಣೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಕಾಯಿಲೆ ತಗುಲಿದವರನ್ನು ಮಾತ್ರ ಗುಡಿಸಲಿಗೆ ತರುವಂತಿಲ್ಲ. ಹಿರಿಯರು ಹಿಂದೆಯೂ ಹೀಗೆ ಊರು ಬಿಟ್ಟವರು. ಯಾರೂ ಕೂಗಾಡಲಿಲ್ಲ. ಗಾಡಿಗಳಿಗೆ ಮೊದಲು ರಾಗಿ, ಆಮೇಲೆ ಪಾತ್ರೆ, ಆಮೇಲೆ ಮಕ್ಕಳನ್ನು ಹೇರಿದರು.

ನಮ್ಮ ಗಾಡಿ ಕಟ್ಟುತ್ತಿದ್ದಾಗ ಅಜ್ಜಿ ಜಗುಲಿಯ ಮೇಲೆ ಕೂತವಳು ಏಳಲಿಲ್ಲ. ಅತ್ತೆ ಹೋಗಿ ಹಣೆ ಮುಟ್ಟಿದಳು. ಕಂಕುಳಿಗೆ ಕೈ ಹಾಕಿ ನೋಡಿದಳು. ಅಪ್ಪನ ಕಡೆ ತಿರುಗಿ ತಲೆಯಾಡಿಸಿದಳು. ಗಂಟು ಕಟ್ಟಿತ್ತು.

ಪಕ್ಕದ ಮನೆಯಲ್ಲೂ ಅದೇ ಗತಿ. ಅಲ್ಲಿಯ ಸೊಸೆ ಹದಿನೈದು ಹದಿನಾರರ ಹುಡುಗಿ, ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಗಂಡ ಚಿನ್ನದ ಗಣಿಯ ಕೆಲಸಕ್ಕೆ ಹೋಗಿದ್ದ. ಬೆಳಗಿನಿಂದಲೇ ಅವಳಿಗೆ ಜ್ವರ ಏರಿತ್ತು. ಆ ಮನೆಯ ಯಜಮಾನರು, ಅವಳ ಮಾವ, ಗಾಡಿಯ ಮೂಕಿ ಹಿಡಿದುಕೊಂಡು ಅಳುತ್ತಾ ನಿಂತಿದ್ದರು. ಗಾಡಿಯ ತುಂಬ ಮೊಮ್ಮಕ್ಕಳು.

"ನಾನು ಇರ್ತೀನಿ. ನೀವೆಲ್ಲ ಹೊರಡಿ" ಎಂದು ಅಪ್ಪ ನೊಗ ಕೆಳಗಿಟ್ಟ.

"ನೀನ್ ಉಳಿದ್ರೆ ಇವರ ಗತಿ ಏನ್ಲಾ?" ಎಂದಳು ಅತ್ತೆ. "ಎಳೆ ಕೂಸು ಮಡ್ಲಾಗೈತೆ. ನಡಿ, ಹೊತ್ತಾಯ್ತು. ಅಮ್ಮನ್ನೂ ಆ ಹುಡುಗೀನೂ ನಮ್ಮನೇಲೇ ಮಲಗ್ಸಿ ನಾನ್ ನೋಡ್ಕೋತೀನಿ. ನಂಗೇನೈತೆ, ಗಂಡನಾ, ಮಕ್ಳಾ?"

ಹೇಳುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರೂ ಬೇಡ ಎನ್ನಲಿಲ್ಲ. ಆ ಮಾತನ್ನು ಅವಳೇ ಆಡಿದ್ದರಿಂದ ಅಲ್ಲಿದ್ದವರಿಗೆಲ್ಲ ಹಗುರವಾಯಿತೇನೋ ಎಂದು ಈಗ ಅನಿಸುತ್ತದೆ. ನಾನು ಅವಳ ಕಾಲು ಕಟ್ಟಿಕೊಂಡೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿ ಗಾಡಿಯಲ್ಲಿ ಕೂರಿಸಿ, "ಕರೂನ ನೀನೇ ನೋಡ್ಕೋಬೇಕು ಬಂಗಾರು, ನಿಮ್ಮಮ್ಮಂಗೆ ಕೈ ಆಗಲ್ಲ" ಎಂದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು.

ದಿಣ್ಣೆಯ ಮೇಲೆ ಹೊಂಗೆ ಮರಗಳಿದ್ದವು. ಅವುಗಳ ಕೆಳಗೆ ಸೋಗೆ, ರಾಗಿಹುಲ್ಲು ಹೊದಿಸಿ ಗುಡಿಸಲು ಹಾಕಿಕೊಂಡೆವು. ಅಲ್ಲಿಂದ ನೋಡಿದರೆ ಕೆರೆಯ ನೀರು, ನೀರಿನಾಚೆ ನಮ್ಮೂರಿನ ಹೆಂಚುಗಳು ಕಾಣುತ್ತಿದ್ದವು. ಯಾವ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ನಮ್ಮ ಮನೆಯ ಹೊಗೆ ಒಂದೇ ಬೆಳಿಗ್ಗೆ ಬೆಳಿಗ್ಗೆ ಎದ್ದು ನೇರವಾಗಿ ಮೇಲೆ ಹೋಗುತ್ತಿತ್ತು. ಅಪ್ಪ ಎದ್ದ ಕೂಡಲೆ ಮುಖ ತೊಳೆಯುವುದಕ್ಕೂ ಮೊದಲು ಗುಡಿಸಲಿನ ಹೊರಗೆ ಬಂದು ಆ ಕಡೆ ನೋಡುತ್ತಿದ್ದ. ಬರುಬರುತ್ತಾ ದಿಣ್ಣೆಯವರೆಲ್ಲ ನೋಡಲು ಶುರು ಮಾಡಿದರು. ಪಕ್ಕದ ಮನೆಯ ಯಜಮಾನರು ಹೊಗೆ ಕಂಡ ಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದರು.

ಕೆರೆಯ ತೂಬಿನ ಕೆಳಗೆ ಅಗಸರು ಬಟ್ಟೆ ಒಗೆಯುವ ಬಂಡೆಯೊಂದಿತ್ತು. ಅಪ್ಪ ದಿನವೂ ರಾಗಿಹಿಟ್ಟು, ಮಜ್ಜಿಗೆ, ಸೊಪ್ಪು ಆ ಬಂಡೆಯ ಮೇಲಿಟ್ಟು ಕೂಗಿ, ದೂರ ಸರಿದು ನಿಲ್ಲುತ್ತಿದ್ದ. ಅತ್ತೆ ಊರ ಕಡೆಯಿಂದ ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಅಷ್ಟು ದೂರದಿಂದಲೇ ಇಬ್ಬರೂ ಮಾತಾಡುತ್ತಿದ್ದರು. ನಾನು ಹಟ ಮಾಡಿ ಅತ್ತು ಒಂದು ದಿನ ಅಪ್ಪನ ಜೊತೆ ಹೋದೆ.

ಅತ್ತೆ ನನ್ನನ್ನು ಕಂಡವಳೇ ಅಲ್ಲೇ ನಿಂತಳು. "ಮೊಗೂನ ಯಾಕ್ಲಾ ಕರ್ಕಂಬಂದೆ? ಬುದ್ಧಿ ಐತಾ ನಿಂಗೆ?"

"ಕೇಳಲ್ಲ ಅಂತಾಳೆ ಅಕ್ಕಾ. ಅತ್ತು ಅತ್ತು ಊಟ ಬಿಟ್ಟವಳೆ."

"ಏ ಬಂಗಾರು, ಅಲ್ಲೇ ನಿಂತ್ಕೋ. ಒಂದೆಜ್ಜೆ ಮುಂದಕ್ ಬಂದ್ರೆ ಕಾಲ್ ಮುರೀತೀನಿ." ಆಮೇಲೆ ದನಿ ಇಳಿಸಿ, "ತಲೆಗ್ ಎಣ್ಣೆ ಹಾಕವಳಾ ನಿಮ್ಮಮ್ಮ? ಏನೇ ಇದು, ಕಾಗೆ ಗೂಡು ಇದ್ದಂಗೈತೆ. ಕರ ಹಾಲು ಕುಡೀತೈತಾ?"

"ಕುಡೀತೈತೆ. ಅಜ್ಜಿ ಎಲ್ಲತ್ತೆ?" ಎಂದೆ.

"ಮಲಗವ್ಳೆ" ಎಂದಳು. ಅಪ್ಪನ ಕಡೆ ನೋಡಿ ಸಣ್ಣ ದನಿಯಲ್ಲಿ, "ಅಮ್ಮ ಪೋಯಿಂದಿ ರಾ, ತೆಲ್ಲವಾರಿ" ಎಂದಳು.

ನನಗೆ ತಿಳಿಯಬಾರದು ಎಂದು ತೆಲುಗಿನಲ್ಲಿ ಹೇಳಿದ್ದಳು. ಅಷ್ಟು ವರ್ಷ ಅವಳ ಪಕ್ಕದಲ್ಲಿ ಮಲಗಿದವಳಿಗೆ ತಿಳಿಯದೆ ಇರುತ್ತದೆಯೇ? ಅಜ್ಜಿ ಬೆಳಗಿನ ಜಾವ ಹೋಗಿಬಿಟ್ಟಿದ್ದಳು. ಅಪ್ಪ ಇದ್ದಲ್ಲೇ ನೆಲದ ಮೇಲೆ ಕೂತ. ನಾನು ಅಳಲಿಲ್ಲ, ನನಗೆ ತಿಳಿದಿದೆ ಎಂದು ಅತ್ತೆಗೆ ಗೊತ್ತಾದರೆ ಅವಳಿಗೆ ಬೇಜಾರಾದೀತು ಎನಿಸಿತು. ಅತ್ತೆಯೂ ಅಳಲಿಲ್ಲ. ನಮ್ಮ ಹೊಲದ ಮೂಲೆಯಲ್ಲಿ ಗುಣಿ ತೆಗೆಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾ, ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಬಾ, ಒಳಗೆ ಬರಬೇಡ, ನಾನೇ ಅಂಗಳಕ್ಕೆ ತಂದು ಮಲಗಿಸಿರುತ್ತೇನೆ ಎಂದು ಒಂದೊಂದಾಗಿ ಹೇಳಿದಳು.

"ನೀನೂ ಬಂದ್ಬಿಡು ಅಕ್ಕಾ" ಎಂದ ಅಪ್ಪ. "ಅಮ್ಮಾನೇ ಹೋದ್ಮೇಕೆ ಇನ್ನೇನೈತೆ ಅಲ್ಲಿ?"

"ಆ ಹುಡುಗಿ ಇನ್ನೂ ಕಣ್ ಬಿಟ್ಟಿಲ್ಲ ಕಣೋ. ಬಿಟ್ಟು ಹೆಂಗ್ ಬರ್ಲಿ?"

ಮಜ್ಜಿಗೆಯ ಚೊಂಬು ಎತ್ತಿಕೊಂಡು ಹೋದಳು. ಸ್ವಲ್ಪ ದೂರ ಹೋದವಳು ತಿರುಗಿ, "ಎಣ್ಣೆ ಹಾಕ್ಕೋ ಬಂಗಾರು" ಎಂದು ಕೂಗಿದಳು. ನಾನು ಅವಳ ದನಿ ಕೇಳಿದ್ದು ಅದೇ ಕಡೆಯ ಸಲ.

ಚಿಕ್ಕಮ್ಮ ಕಣ್ಣು ಬಿಟ್ಟಳು. ಗಂಟು ಒಡೆದು ಕೀವು ಹರಿದು ಜ್ವರ ಇಳಿಯಿತು. ಆ ಸುದ್ದಿ ಬಂದ ದಿನ ಪಕ್ಕದ ಮನೆಯ ಯಜಮಾನರು ದಿಣ್ಣೆಯ ಮಕ್ಕಳಿಗೆಲ್ಲ ಬೆಲ್ಲ ಹಂಚಿದರು. ಇನ್ನೇನು ಅವಳಿಗೆ ನಡೆಯುವಷ್ಟು ಶಕ್ತಿ ಬಂದರೆ ಇಬ್ಬರೂ ಬಂದುಬಿಡುತ್ತಾರೆ ಎಂದು ಅಪ್ಪ ನಮ್ಮ ಗುಡಿಸಲಿನ ಪಕ್ಕಕ್ಕೆ ಇನ್ನೊಂದು ಸಣ್ಣ ಗುಡಿಸಲು ಕಟ್ಟತೊಡಗಿದ. ನಾನು ಹುಲ್ಲು ತಂದುಕೊಟ್ಟೆ.

ಆ ಗುಡಿಸಲಿನ ಮಾಡು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಹೊಗೆ ಏಳಲಿಲ್ಲ.

ದಿಣ್ಣೆಯ ಜನ ಗುಡಿಸಲುಗಳ ಮುಂದೆ ನಿಂತು ನೋಡಿದರು. ಸೌದೆ ಹಸಿಯಿರಬೇಕು ಎಂದು ಯಾರೋ ಅಂದರು. ಬಿಸಿಲೇರಿತು. ಅಪ್ಪ ಯಾರಿಗೂ ಹೇಳದೆ ಕೆರೆ ಏರಿಯ ಮೇಲೆ ಓಡಿದ. ಅಂದು ಅಲ್ಲಿ ಏನಾಯಿತು ಎಂಬುದನ್ನು ಅವನು ಎಷ್ಟೋ ವರ್ಷಗಳ ಮೇಲೆ ಅಮ್ಮನಿಗೆ ಹೇಳಿದ, ಅಮ್ಮ ನನಗೆ ಹೇಳಿದಳು. ಬಾಗಿಲು ಒಳಗಿನಿಂದ ಅಗುಳಿ ಹಾಕಿತ್ತು. ಅಪ್ಪ ಬಡಿದ. ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಂದು ಒಳಗಿನಿಂದಲೇ, "ಅಕ್ಕಂಗೆ ಜ್ವರ ಬಂದೈತೆ ಭಾವ. ತೆಗೀಬೇಡ ಅಂದವ್ರೆ" ಎಂದಳು. ಅಪ್ಪ ಬಾಗಿಲು ಒದ್ದ. ಆಗ ಅತ್ತೆಯೇ ಕೂಗಿದಳಂತೆ, "ನಿನ್ ಮಕ್ಳ ಆಣೆ, ಒಳಕ್ ಬರ್ಬೇಡ" ಎಂದು. ಅವನು ಹೊಸ್ತಿಲ ಹೊರಗೆ ಕೂತ. ಬಾಗಿಲಿನ ಈಚೆ ಅವನು, ಆಚೆ ಅವಳು. ಕರು, ಹೊಲ, ತೊಗರಿ ಕಾಯಿ ಬಿಟ್ಟಿದೆಯೇ ಇಲ್ಲವೇ, ಅಂಥ ಮಾತೇ ಆಡಿದರಂತೆ. ಸಂಜೆಯ ಹೊತ್ತಿಗೆ ಅವಳ ಮಾತು ತೊದಲಿತು. ಅಪ್ಪ ದಿಣ್ಣೆಗೆ ಬಂದು ಕಟ್ಟುತ್ತಿದ್ದ ಗುಡಿಸಲಿನೊಳಗೆ ಹೋಗಿ ಮಲಗಿದ.

ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದು ಹೊರಗೆ ಬಂದೆ. ಕೆರೆಯ ಮೇಲೆ ಮಂಜು. ಮಂಜಿನಾಚೆ ನಮ್ಮ ಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು, ದಿನಕ್ಕಿಂತ ದಟ್ಟವಾಗಿ. ನಾನು ಕುಣಿದೆ. "ಅತ್ತೆ ಎದ್ಳು! ಅತ್ತೆ ಎದ್ಳು! ಹೊಗೆ ಬಂತು!" ಎಂದು ಗುಡಿಸಲಿಂದ ಗುಡಿಸಲಿಗೆ ಓಡಿದೆ. ಮಕ್ಕಳೆಲ್ಲ ನನ್ನ ಹಿಂದೆ ಕೂಗುತ್ತಾ ಓಡಿದವು. ದೊಡ್ಡವರೂ ಕೆಲವರು ನಕ್ಕರು. ಪಕ್ಕದ ಮನೆಯ ಯಜಮಾನರು ಊರಿನ ಕಡೆಗೆ ಕೈ ಮುಗಿದರು. ಅಮ್ಮ ಹೊರಗೆ ಬಂದು ಹೊಗೆ ನೋಡಿದಳು, ಅಪ್ಪನ ಮುಖ ನೋಡಿದಳು. ಓಡಿ ಬಂದು ನನ್ನನ್ನು ಹಿಡಿದು ಬಾಯಿ ಮುಚ್ಚಿದಳು.

ಅದು ಚಿಕ್ಕಮ್ಮ ಹಚ್ಚಿದ ಒಲೆ. ನಿಲ್ಲಲಾರದ ಆ ಹುಡುಗಿ ಅತ್ತೆಯ ಮೈ ತೊಳೆಯುವುದಕ್ಕೆ ನೀರು ಕಾಯಿಸುತ್ತಿದ್ದಳು.

ಮಳೆ ಶುರುವಾಗುವ ಮುಂಚೆ ಊರಿಗೆ ವಾಪಸಾದೆವು. ಹೆಂಚು ತೆಗೆದು ಮನೆಗಳಿಗೆ ಬಿಸಿಲು ಬಿಟ್ಟರು, ಸುಣ್ಣ ಬಳಿದರು. ಹೊಲದ ಮೂಲೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಅತ್ತೆಯ ಮಣ್ಣಿನ ದಿಬ್ಬ ಇತ್ತು. ಮೊದಲ ಮಳೆಗೆ ಎರಡೂ ಕುಸಿದು ಒಂದೇ ಆದವು. ಅಪ್ಪ ಆ ಮೂಲೆಗೆ ನೇಗಿಲು ಹೂಡಲಿಲ್ಲ. ನನಗೆ ಎಷ್ಟೋ ತಿಂಗಳು ನಿದ್ದೆ ಬರುತ್ತಿರಲಿಲ್ಲ. ಅಮ್ಮ ಮಲಗುವ ಮುಂಚೆ ಒಂದು ಕೈಯ ಬಳೆಗಳನ್ನು ಮೇಲಕ್ಕೆ ಏರಿಸಿಕೊಂಡು ತೋಳು ಚಾಚುತ್ತಿದ್ದಳು. ಅವಳಿಗೆ ಹೇಗೆ ತಿಳಿಯಿತೋ.

ಆಮೇಲೆ ಯುದ್ಧದ ಕಾಲ. ನಮ್ಮ ರಸ್ತೆಯಲ್ಲಿ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬಂತು. ಲಕ್ಕೂರಿನ ಕಡೆ ನಮ್ಮೂರಿನ ಹೆಸರಿನದೇ ಇನ್ನೊಂದು ಊರಿದೆ. ಬಸ್ಸಿನವರು ಅಲ್ಲಿಯವರನ್ನು ಇಲ್ಲಿ, ಇಲ್ಲಿಯವರನ್ನು ಅಲ್ಲಿ ಇಳಿಸಿ ಹೋಗುತ್ತಿದ್ದರು. ಒಂದು ಸಲ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿಗೆ ನಮ್ಮೂರಲ್ಲಿ ಇಳಿದು, ಯಾರದೋ ಮನೆಯಲ್ಲಿ ಕೂತು ಉಪ್ಪಿಟ್ಟು ತಿಂದ ಮೇಲೆ ಊರು ತಪ್ಪಿದೆ ಎಂದು ತಿಳಿಯಿತು. ಹೀಗಾಗಿ ಯುದ್ಧ ಮುಗಿದ ಮೇಲೆ, ಕವಲಿನಲ್ಲಿ ಊರ ಹೆಸರು ಕೊರೆದ ಕಲ್ಲು ನಿಲ್ಲಿಸೋಣ ಎಂದು ಪಟೇಲರು ಊರವರನ್ನು ಸೇರಿಸಿದರು.

ಆಗ ಪಕ್ಕದ ಮನೆಯ ಯಜಮಾನರು ಎದ್ದು ನಿಂತರು. ಅವರಿಗೆ ವಯಸ್ಸಾಗಿತ್ತು. "ಬರೀ ಹೆಸ್ರು ಯಾಕೆ? ಈ ಊರು ಉಳಿದಿದ್ದು ಯಾರಿಂದ ಅಂತ ಬರೋರಿಗ್ ಗೊತ್ತಾಗ್ಲಿ. ಕಲ್ಲು ನಾನ್ ಕೊಡ್ತೀನಿ, ಕೆತ್ತೋರ್ನೂ ನಾನೇ ಕರೆಸ್ತೀನಿ" ಎಂದರು. ಸೊಸೆಯನ್ನು ಬಿಟ್ಟು ಗಾಡಿ ಹೊಡೆದ ಆ ಸಂಜೆ ಅವರ ಎದೆಯಿಂದ ಇಳಿದಿರಲಿಲ್ಲ.

ಶಿವಾರಪಟ್ಟಣದಿಂದ ಒಬ್ಬ ಶಿಲ್ಪಿ ಬಂದರು. ನಮ್ಮ ಮನೆಯ ಮುಂದಿನ ಹುಣಸೆ ಮರದ ನೆರಳಲ್ಲಿ ಕಲ್ಲು ಮಲಗಿಸಿಕೊಂಡು ಕೆಲಸಕ್ಕೆ ಕೂತರು. ಸದ್ದಿಲ್ಲದ ಮನುಷ್ಯ. ಅತ್ತೆಯ ಫೋಟೋ ಇರಲಿಲ್ಲ, ನಾವೇನು ಫೋಟೋ ತೆಗೆಸಿಕೊಳ್ಳುವ ಜನವೇ? ಹೇಗಿದ್ದರು ಎಂದು ಶಿಲ್ಪಿ ಕೇಳಿದರೆ ಅಪ್ಪ, "ಎತ್ತರ. ಹಣೆ ಅಗಲ" ಎಂದು ಹೇಳಿ ನಿಲ್ಲಿಸಿದ. ಅಮ್ಮ, ಸೆರಗು ಹೀಗೆ ಸಿಕ್ಕಿಸುತ್ತಿದ್ದಳು, ಹೀಗೆ ನಿಲ್ಲುತ್ತಿದ್ದಳು ಎಂದು ನಿಂತು ತೋರಿಸಿದಳು. ನನ್ನನ್ನು ಕರೆದು, "ಮೂಗು ಇವಳದೇ" ಎಂದಳು. ಶಿಲ್ಪಿ ನನ್ನನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿಕೊಂಡು ಮೂಗು ಕೆತ್ತಿದರು.

ಕೆಲಸ ಮುಗಿಯುತ್ತಾ ಬಂದಾಗ ಊರ ಹಿರಿಯರು ನೋಡಲು ಬಂದರು. ಎಲ್ಲರೂ ಮೆಚ್ಚಿದರು. ಗಾಡಿಯ ಎತ್ತು ತಮ್ಮದೇ ಎಂದು ಇಬ್ಬರು ಜಗಳವಾಡಿದರು. ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಬಗ್ಗಿ ನೋಡಿ, "ಕೈ ಬರಿದಾಗೈತಲ್ಲ" ಎಂದರು.

"ಇದ್ದಂಗೆ ಕೆತ್ತಿದೀನಿ ಯಜಮಾನ್ರೇ" ಎಂದರು ಶಿಲ್ಪಿ.

ಒಬ್ಬರು ಮೆಲ್ಲಗೆ, "ಊರ ಬಾಗ್ಲಾಗೆ ನಿಲ್ಲೋ ಕಲ್ಲು. ಮದುವೆ ದಿಬ್ಬಣ ಅದರ ಮುಂದೇನೇ ಹೋಗ್ಬೇಕು" ಎಂದರು.

"ಅದಕ್ಕಲ್ಲ ನಾನ್ ಹೇಳಿದ್ದು" ಎಂದು ಯಜಮಾನರ ದನಿ ಒಡೆಯಿತು. "ನಮ್ಮನೆ ಉಳಿಸಿದ ತಾಯಿ ಆಕೆ. ಮುತ್ತೈದೆ ಮಾಡಿ ನಿಲ್ಲಿಸೋಣ. ಕೈ ತುಂಬ ಬಳೆ, ಹಣೆಗೆ ಕುಂಕುಮ. ಅಷ್ಟೂ ಮಾಡ್ದೆ ಇದ್ರೆ ನಾವೇನ್ ಮನುಷ್ರು?"

ಅಪ್ಪ ಹುಣಸೆ ಮರಕ್ಕೆ ಒರಗಿ ನಿಂತಿದ್ದ. "ಆ ಊರಿಂದ ಗಾಡೀಲಿ ಕರ್ಕಂಬರುವಾಗ ನನ್ ತೊಡೆ ಮೇಲೆ ಆ ಕೈಯಿಟ್ಟಿದ್ಲು" ಎಂದ. "ಒಡೆದ ಬಳೆ ಚುಚ್ಚಿ ಗಾಯ ಆಗಿತ್ತು, ಇನ್ನೂ ಮಾಗಿರ್ಲಿಲ್ಲ. ನಮ್ ಹಿರೇರೇ ನಿಂತು ಒಡ್ಸಿದ್ದು. ಇದ್ದಾಗ ಯಾರೂ ಒಂದು ಗಾಜಿನ ಚೂರು ಕೊಡ್ಲಿಲ್ಲ. ಈಗ ಕಲ್ಗೆ ತೊಡಿಸ್ತೀರಾ? ಬ್ಯಾಡ. ಅವಳು ಹೆಂಗಿದ್ಲೋ ಹಂಗೇ ಇರ್ಲಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಚಿಕ್ಕಮ್ಮ, ಮಾವನ ಮುಂದೆ ಎಂದೂ ಬಾಯಿ ತೆರೆಯದವಳು, "ಆ ಬರೀ ಕೈಲೇ ನಂಗೆ ಗಂಜಿ ಕುಡಿಸಿದ್ದು" ಎಂದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ಶಿಲ್ಪಿ ಉಳಿಯನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಮಾತು ಬೆಳೆಯಿತು. ಪಟೇಲರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪ ಒಪ್ಪಲಿಲ್ಲ. ಹಿರಿಯರು ಬೇಸರಪಟ್ಟು ಎದ್ದು ಹೋದರು. ಊಟಕ್ಕೆ ಕೂತಾಗ ಅಮ್ಮ ಮುದ್ದೆ ಬಡಿಸುತ್ತಾ, ತಲೆ ಎತ್ತದೆ, "ಹಾಕ್ಬಿಡ್ಲಿ ಬಿಡಿ. ಕಲ್ಲಾಗಾದ್ರೂ ತೊಟ್ಕಳ್ಲಿ. ಅತ್ತೆಮ್ಮ ಇದ್ದಿದ್ರೆ ಮಗಳ ಕೈ ನೋಡಿ ಖುಷಿ ಪಡ್ತಿದ್ರು" ಎಂದಳು. ಅತ್ತೆಮ್ಮ ಎಂದರೆ ನಮ್ಮ ಅಜ್ಜಿ. ಅಪ್ಪ ಮುದ್ದೆ ಮುರಿದವನು ಬಾಯಿಗಿಡಲಿಲ್ಲ. ದೊಡ್ಡ ಗಂಡಸು, ತಟ್ಟೆಯ ಮುಂದೆ ಕೂತು ಮಗುವಿನ ಹಾಗೆ ಅತ್ತ. ಮಾರನೆಯ ದಿನ ಶಿಲ್ಪಿಯ ಹತ್ತಿರ ಹೋಗಿ ಕೆತ್ತಿ ಎಂದ. ಬರಿಗೈಯ ಸುತ್ತ ಗೆರೆ ಗೆರೆಯಾಗಿ ಬಳೆ ಮೂಡಿದವು.

ಕಲ್ಲು ನಿಂತ ಮೇಲೆ ಪೂಜೆ ತಾನಾಗಿಯೇ ಶುರುವಾಯಿತು. ಮೊದಲು ಯಾರೋ ಹೂವಿಟ್ಟರು, ಆಮೇಲೆ ಕುಂಕುಮ. ಮದುಮಗಳು ಗಂಡನ ಮನೆಗೆ ಹೊರಡುವಾಗ ಗಾಡಿ ನಿಲ್ಲಿಸಿ ಬಳೆ ಅರ್ಪಿಸುವುದು ರೂಢಿಯಾಯಿತು. ಸುಗ್ಗಿಯಾದ ಮೇಲೆ ಒಂದು ಮಂಗಳವಾರ ಊರ ಮುತ್ತೈದೆಯರೆಲ್ಲ ತಂಬಿಟ್ಟಿನ ದೀಪ ಹೊತ್ತು ಹೋಗುತ್ತಿದ್ದರು. ಅಪ್ಪ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟ. ಮಾಲೂರಿನ ಸಂತೆಗೆ ಹೋಗಬೇಕಾದರೆ ಹೊಲಗಳ ಮೇಲೆ ಬಳಸಿಕೊಂಡು ಹೋಗಿ ರಸ್ತೆ ಸೇರುತ್ತಿದ್ದ.

ಕಲ್ಲು ನಿಂತ ಎರಡನೆಯ ವರ್ಷವೋ ಮೂರನೆಯ ವರ್ಷವೋ ಚಿಕ್ಕಮ್ಮನ ಗಂಡ ಕೆಮ್ಮು ಹತ್ತಿ ಗಣಿಯಿಂದ ಊರಿಗೆ ಬಂದ, ಮತ್ತೆ ಏಳಲಿಲ್ಲ. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಇಬ್ಬರು ಗಂಡು ಮಕ್ಕಳು. ಹನ್ನೊಂದನೆಯ ದಿನ ಏನೇನು ತೆಗೆಯಬೇಕೋ ಎಲ್ಲ ತೆಗೆದರು. ಯಜಮಾನರು ಆಗ ಇರಲಿಲ್ಲ, ಅದಕ್ಕೂ ಮುಂಚೆಯೇ ಹೋಗಿದ್ದರು.

ಆ ವರ್ಷದ ದೀಪದ ದಿನ ನಾನೂ ಹೋಗಿದ್ದೆ. ನನಗೆ ಮದುವೆ ಗೊತ್ತಾಗಿತ್ತು. ಹೆಂಗಸರು ಕಲ್ಲಿನ ಸುತ್ತ ನಿಂತು ಹಾಡುತ್ತಿದ್ದರು. ಚಿಕ್ಕಮ್ಮ ತಂಬಿಟ್ಟು ಮಾಡಿ ಸೊಪ್ಪಿನ ಬುಟ್ಟಿಯೊಳಗೆ ಇಟ್ಟುಕೊಂಡು ಹಿಂದಿನಿಂದ ಬಂದಳು. ಮುಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬಳು, ಕೆಟ್ಟವಳಲ್ಲ, ದನಿಯಲ್ಲಿ ಮಮತೆಯೇ ಇತ್ತು, "ನೀನ್ ಆಕಡೆ ನಿಂತ್ಕೋ ತಾಯಿ. ನಿನ್ ದೀಪ ನಾನ್ ಬೆಳಗ್ತೀನಿ, ಕೊಡು" ಎಂದು ಕೈ ಚಾಚಿದಳು.

ಚಿಕ್ಕಮ್ಮ ಬುಟ್ಟಿ ಕೊಡಲಿಲ್ಲ. ಕಲ್ಲಿನ ಕಡೆ ಒಂದು ಸಲ ನೋಡಿದಳು. ಸರಿ ಎಂಬಂತೆ ತಲೆಯಾಡಿಸಿ ತಿರುಗಿ ಊರ ಕಡೆ ನಡೆದಳು. ಹಾಡು ಮುಂದುವರಿಯಿತು. ನಾನು ನನ್ನ ದೀಪವನ್ನು ಅಮ್ಮನ ಕೈಗಿಟ್ಟು ಅವಳ ಹಿಂದೆ ಹೋದೆ.

ಅವಳು ಮನೆಗೆ ಹೋಗದೆ ಹುಳದ ಮನೆಗೆ ಹೋಗಿದ್ದಳು. ಆ ಬಾರಿ ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕಿದ್ದರು. ಹುಳಗಳು ಪೊರೆ ಬಿಡುವ ಕಡೆಯ ಜ್ವರ ಮುಗಿಸಿ ಎದ್ದು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅವಳು ಮಣೆಯ ಮುಂದೆ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ನಾನೂ ಒಂದು ಕುಡುಗೋಲು ತೆಗೆದುಕೊಂಡು ಕೂತೆ.

ಒಂದು ಬುಟ್ಟಿ ಸೊಪ್ಪು ಮುಗಿದ ಮೇಲೆ ಅವಳೇ ಮಾತಾಡಿದಳು. "ಅವತ್ತು ನಿಮ್ಮಪ್ಪ ಎದ್ದೋದ್ಮೇಲೆ ಅಕ್ಕಂಗೆ ಒಂದೊಂದ್ಸಲ ಮಾತು ಬರೋದು, ಒಂದೊಂದ್ಸಲ ಹೋಗೋದು. ತೆಲುಗಲ್ಲೇ ಮಾತಾಡೋರು, ನಂಗೆ ಅರ್ಧ ತಿಳಿಯೋದು, ಅರ್ಧ ಇಲ್ಲ. ನೀರ್ ಬೇಕಾ ಅಂದ್ರೆ ಬ್ಯಾಡ ಅನ್ನೋರು. ಆಮೇಲೆ ನನ್ ಕೈ ಹಿಡ್ಕೊಂಡು, 'ನನ್ ಹೆಸ್ರು ಹಿಡ್ದು ಒಂದ್ಸಲ ಕೂಗೇ' ಅಂದ್ರು."

"ಕೂಗಿದ್ಯಾ?"

"ಹೆಸ್ರು ಗೊತ್ತಿದ್ರೆ ತಾನೆ ಕೂಗೋದು? ನಾನ್ ಈ ಮನೆಗ್ ಬಂದು ವರ್ಷ ಆಗಿರ್ಲಿಲ್ಲ. ಎಲ್ರೂ ಅಕ್ಕ ಅನ್ನೋರು, ನಾನೂ ಅಕ್ಕ ಅಂದೆ. ಏನಕ್ಕಾ ನಿಮ್ ಹೆಸ್ರು ಅಂತ ಕೇಳೋ ಹೊತ್ಗೆ ಅವ್ರಿಗೆ ಮಾತು ನಿಂತೋಗಿತ್ತು." ಅವಳು ಕುಡುಗೋಲನ್ನು ಕೆಳಗಿಟ್ಟು ಮುಖ ಒರೆಸಿಕೊಂಡಳು. "ಬೆಳಗಾಗೋವರ್ಗೂ ಅಕ್ಕಾ ಅಕ್ಕಾ ಅಂತ್ಲೇ ಕೂಗ್ತಾ ಕೂತಿದ್ದೆ ಕಣೇ. ಬೇರೆ ಏನು ಅನ್ನಕ್ಕೂ ಗೊತ್ತಾಗ್ಲಿಲ್ಲ."

ಆಗ ನನಗೆ ಹೊಳೆಯಿತು, ಅತ್ತೆಯ ಹೆಸರು ನನಗೂ ಗೊತ್ತಿರಲಿಲ್ಲ. ಕೇಳಬೇಕು ಎಂದೇ ಎಂದೂ ಅನಿಸಿರಲಿಲ್ಲ.

ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. ಅವನು ಎತ್ತಿಗೆ ಹುಲ್ಲು ಹಾಕುತ್ತಿದ್ದ. ಹುಲ್ಲಿನ ಕಂತೆ ಕೆಳಗಿಟ್ಟ. "ಆ ಹೆಸ್ರಿಡ್ದು ಕರೀತಿದ್ದದ್ದು ನಮ್ಮಮ್ಮ ಒಬ್ಳೇ" ಎಂದ. ಆಮೇಲೆ ಹೆಸರು ಹೇಳಿದ. ಅವನ ಬಾಯಲ್ಲಿ ಅದು ಯಾರೋ ಚಿಕ್ಕ ಹುಡುಗಿಯ ಹೆಸರಿನಂತೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಹುಳದ ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳಿದೆ. ಅವಳು ಹುಳದ ತಟ್ಟೆಯ ಮೇಲೆ ಸೊಪ್ಪು ಹರಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆ ಹೆಸರು ಹೇಳಿಕೊಂಡಂತೆ ತುಟಿ ಮಾತ್ರ ಒಂದು ಸಲ ಅಲುಗಿತು. "ಹೌದಾ" ಎಂದಳು. ಇನ್ನೂ ಸ್ವಲ್ಪ ಹೊತ್ತು ಸೊಪ್ಪು ಹರಡಿ, ಮೇಲಿನ ಸಾಲಿನ ತಟ್ಟೆ ತನಗೆ ಎಟುಕುವುದಿಲ್ಲ, ಇಳಿಸಿಕೊಡು ಎಂದಳು. ನಾನು ಇಳಿಸಿಕೊಟ್ಟೆ.